ಸೆಮಿಸ್ಟರ್ ರಜೆಗೆ ಬಂದ ಮೇಷ್ಟ್ರು ದಂಪತಿಗೆ ಮೈಸೂರು ಸುತ್ತಾಟ

ಪರದೇಶದಲ್ಲಿ ಪಾಠ ಮಾಡುವವರಿಗೆ ದೊಡ್ಡ ರಜೆ ಸಿಗುವುದು ಹೆಚ್ಚಾಗಿ ಜೂನ್–ಆಗಸ್ಟ್‌ನಲ್ಲಿ, ಇಲ್ಲವೇ ಡಿಸೆಂಬರ್‌ನಲ್ಲಿ. ಬಂದ ಮೊದಲ ಎರಡು ದಿನ ಎಲ್ಲೂ ಹೊರಡಬೇಡಿ, ನಿದ್ದೆ ಹಳಿಗೆ ಬರಲಿ.

ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಅದೇ ನೀರು ಕೆಳಗೆ ಹರಿದು ಗಗನಚುಕ್ಕಿಯನ್ನು ತುಂಬಿಸುತ್ತದೆ. ಹಾಗಾಗಿ ಪತ್ರಿಕೆಯಲ್ಲಿ ಬರುವ ಜಲಾಶಯದ ಹೊರಹರಿವು ನೋಡಿಯೇ ಗಾಡಿ ಹೇಳಿ: ಹೊರಹರಿವು ಜಾಸ್ತಿಯಿದ್ದರೆ ಗಗನಚುಕ್ಕಿ, ಜೊತೆಗೆ ಸೋಮನಾಥಪುರ, ಕಡಿಮೆಯಿದ್ದರೆ ರಂಗನತಿಟ್ಟು, ಶ್ರೀರಂಗಪಟ್ಟಣ. ಜಲಪಾತದ ಬಳಿ ಬಂಡೆಗಳಿಗೆ ಮಾತ್ರ ಇಳಿಯಲೇಬೇಡಿ, ನೀರು ಏರುವುದು ತಿಳಿಯುವುದಿಲ್ಲ.

ಮೇಲುಕೋಟೆಗೆ ಬೆಳಗ್ಗೆಯೇ ಹೋಗಿ. ಬಿಸಿಲೇರಿದರೆ ಯೋಗನರಸಿಂಹನ ಬೆಟ್ಟದ ಮೆಟ್ಟಿಲು ಬರಿಗಾಲನ್ನು ಸುಡುತ್ತದೆ. ಇಳಿದ ಮೇಲೆ ಪುಳಿಯೋಗರೆ ತಿನ್ನದೆ ಬರಬೇಡಿ.

ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರಕ್ಕೆ ಭಾನುವಾರ ಸಂಜೆಯನ್ನು ಖಾಲಿ ಇಟ್ಟುಕೊಳ್ಳಿ.