ಕೌಂಟರ್‌ನ ಈಚೆ ಕಡೆ

ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವಳು ನಾನು. ಸಾಗರ, ಶಿವಮೊಗ್ಗ, ಕೊನೆಗೆ ಮೈಸೂರು. ‘ಈ ಫಾರಂ ಅಲ್ಲ, ಆ ಫಾರಂ ತನ್ನಿ’ ಎಂದು ಎಷ್ಟು ಜನರನ್ನು ವಾಪಸ್ ಕಳಿಸಿದ್ದೇನೋ ಲೆಕ್ಕವಿಲ್ಲ. ಆ ಸಾಲವನ್ನು ಈಗ ಬಡ್ಡಿ ಸಮೇತ ತೀರಿಸುತ್ತಿದ್ದೇನೆ. ಅದೂ ಫ್ರಾನ್ಸಿನಲ್ಲಿ.

ನಾವಿರುವ ಊರಿನ ಹೆಸರು ಫಿಜಾಕ್. ನೈಋತ್ಯ ಫ್ರಾನ್ಸಿನ ಲೋಟ್ ಜಿಲ್ಲೆಯಲ್ಲಿ, ಸೇಲೇ ಎಂಬ ಪುಟ್ಟ ಹೊಳೆಯ ದಂಡೆಯಲ್ಲಿದೆ. ಜನಸಂಖ್ಯೆ ಸುಮಾರು 10,000. ಇಲ್ಲಿ ವಿಮಾನದ ಪ್ರೊಪೆಲ್ಲರ್ ತಯಾರಾಗುತ್ತದೆ, ಮಗಳು ಬಂದಿದ್ದು ಆ ಕೆಲಸಕ್ಕೆ. ಅವಳ ಹಿಂದೆ ನಾವಿಬ್ಬರೂ 2022ರ ಸೆಪ್ಟೆಂಬರ್‌ನಲ್ಲಿ ಬಂದೆವು. ಎರಡು ವರ್ಷವಾದ ಮೇಲೆ ಅವಳು ಟುಲೂಸ್‌ಗೆ ಹೋದಳು. ನಾವು ಇಲ್ಲೇ ಉಳಿದೆವು. ಯಾಕೆ ಎಂದು ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಟುಲೂಸ್‌ಗೆ ಹೋದರೆ ನಾವು ಮಗಳ ಅಪ್ಪ-ಅಮ್ಮ, ಅಷ್ಟೇ. ಇಲ್ಲಿ ನಮ್ಮ ಕಷ್ಟ ನಮ್ಮದು. ಕೇಳಿದವರಿಗೆ ಈ ಉತ್ತರ ಸಾಲುವುದಿಲ್ಲ ಅಂತ ಗೊತ್ತು.

ಮೊದಲ ಪೆಟ್ಟು ಬಿದ್ದಿದ್ದು ಬೇಕರಿಯಲ್ಲಿ. ಮಗಳು ಹೇಳಿಕೊಟ್ಟಂತೆ ‘ಯೂನ್ ಬಗೆತ್, ಸಿಲ್ ವು ಪ್ಲೇ’ ಎಂದೆ. ಒಂದು ಬಗೆತ್ (ಕೋಲಿನಂಥ ಉದ್ದನೆ ಬ್ರೆಡ್ಡು), ದಯವಿಟ್ಟು. ಮರ್ಯಾದೆಗೇನು ಕಮ್ಮಿ? ಅಂಗಡಿಯಾಕೆ ನನ್ನನ್ನೇ ನೋಡುತ್ತಾ ನಿಧಾನಕ್ಕೆ ‘ಬೋಂಜೂರ್, ಮದಾಮ್’ ಎಂದರು. ನಮಸ್ಕಾರ ಅಮ್ಮಾ, ಅಂತ. ನಾನು ತಲೆ ಆಡಿಸಿ ಮತ್ತೆ ಬಗೆತ್ ಎಂದೆ. ಮತ್ತೆ ‘ಬೋಂಜೂರ್, ಮದಾಮ್.’ ಮೂರನೇ ದಿನಕ್ಕೆ ಬುದ್ಧಿ ಬಂತು. ಬೋಂಜೂರ್ ಹೇಳದೆ ವ್ಯವಹಾರಕ್ಕೆ ಇಳಿಯುವುದು ಇಲ್ಲಿ ಚಪ್ಪಲಿ ಹಾಕಿಕೊಂಡು ನಡುಮನೆಗೆ ನುಗ್ಗಿದ ಹಾಗೆ. ಬಸ್ಸಿನ ಡ್ರೈವರ್‌ಗೂ ಹೇಳಬೇಕು. ಡಾಕ್ಟರ ಕಾಯುವ ಕೋಣೆಗೆ ಕಾಲಿಟ್ಟರೆ ಅಲ್ಲಿ ಕೂತ ಅಪರಿಚಿತರಿಗೂ ಹೇಳಬೇಕು. ನಮ್ಮವರು ಹೀಗೆ ಶುರು ಮಾಡಿದ್ದರೆ ನಮ್ಮ ಬ್ರಾಂಚಿನ ಸಾಲು ಸಂಜೆಯಾದರೂ ಕರಗುತ್ತಿರಲಿಲ್ಲ!

ಬ್ರೆಡ್ಡಿನ ವಿಷಯಕ್ಕೆ ಬಂದೆ, ಹೇಳಿಬಿಡುತ್ತೇನೆ. ಬರೀ ಬಗೆತ್ ಬೇಡ, ‘ಟ್ರಾದಿಸ್ಯೋಂ’, ಅಂದರೆ ಸಾಂಪ್ರದಾಯಿಕ ಬಗೆತ್ ಕೇಳಿ. ಹಿಟ್ಟು, ನೀರು, ಉಪ್ಪು, ಹುದುಗು, ಇದರ ಮೇಲೆ ಹೆಚ್ಚೇನೂ ಸೇರಿಸುವ ಹಾಗಿಲ್ಲ, ಹಿಟ್ಟನ್ನು ಫ್ರೀಜ್ ಮಾಡುವಂತಿಲ್ಲ ಎಂದು 1993ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಆದರೆ ಅದರ ಹೊರಪದರ ನನ್ನ ವಯಸ್ಸಿನವರ ವಸಡು ಕೀಳುತ್ತದೆ. ‘ಪಾ ಟ್ರೋ ಕ್ವಿತ್’ ಎಂದು ಸೇರಿಸಿ. ಜಾಸ್ತಿ ಬೇಯದ್ದು ಕೊಡಿ ಅಂತ. ಸಾರಿಗೆ ಅದ್ದಿಕೊಂಡು ತಿನ್ನಲು ಅದೇ ಸರಿ.

ಅಂಗಡಿಗಳೆಲ್ಲ ಮಧ್ಯಾಹ್ನ 12ಕ್ಕೆ ಬಾಗಿಲು ಹಾಕಿದರೆ 2 ಗಂಟೆಯವರೆಗೆ ಊರು ನಿದ್ದೆಗೆ ಬಿದ್ದಂತೆ. ಭಾನುವಾರ ಮಧ್ಯಾಹ್ನವೂ ಮುಚ್ಚಿರುತ್ತದೆ, ಸೋಮವಾರ ಮುಕ್ಕಾಲು ಪಾಲು ಅಂಗಡಿ ತೆರೆಯುವುದೇ ಇಲ್ಲ. ಊಟಕ್ಕೆಂದು ನಾವು ಅರ್ಧ ಗಂಟೆ ಕೌಂಟರ್ ಮುಚ್ಚಿದರೆ ಗ್ರಾಹಕರು ಮ್ಯಾನೇಜರ್ ಕ್ಯಾಬಿನ್ನಿಗೆ ನುಗ್ಗುತ್ತಿದ್ದರು. ಇಲ್ಲಿ ಯಾರೂ ಚಕಾರ ಎತ್ತುವುದಿಲ್ಲ, ಅವರೂ ಊಟಕ್ಕೆ ಕೂತಿರುತ್ತಾರೆ. ಇನ್ನೊಂದು ಎಚ್ಚರಿಕೆ. ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಕೂಗುತ್ತದೆ. ನಾವು ಬಂದಿದ್ದು ಉಕ್ರೇನ್ ಯುದ್ಧ ಶುರುವಾದ ವರ್ಷ. ಅಕ್ಟೋಬರ್‌ನಲ್ಲಿ ಮೊದಲ ಸಲ ಕೇಳಿದಾಗ ಯಜಮಾನರು ಪಾಸ್‌ಪೋರ್ಟ್ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎದುರುಮನೆಯ ಅಜ್ಜಿ ಕಿಟಕಿಯಲ್ಲಿ ಜಿರೇನಿಯಂಗೆ ನೀರು ಹಾಕುತ್ತಿದ್ದರು. ಅದು ಬರೀ ಪರೀಕ್ಷೆಯ ಸೈರನ್.

ಇನ್ನು ಕಾಗದಪತ್ರ. ಇದೇ ಇಲ್ಲಿನ ನಿಜವಾದ ಕೆಲಸ.

ನಾವು ಬಂದಿದ್ದು ದೀರ್ಘಾವಧಿಯ ‘ವಿಜ಼ಿತರ್’, ಅಂದರೆ ಸಂದರ್ಶಕರ ವೀಸಾದಲ್ಲಿ. ದುಡಿಯುವ ಹಾಗಿಲ್ಲ, ನಮ್ಮ ಖರ್ಚಿಗೆ ನಮ್ಮ ಆದಾಯ ತೋರಿಸಬೇಕು, ವಿಮೆ ಇರಬೇಕು. ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಅದನ್ನು ಊರ್ಜಿತ ಮಾಡಿಸಬೇಕು. ಅಷ್ಟರವರೆಗೆ ಸಲೀಸು. ಆಮೇಲೆ ಆರೋಗ್ಯ ವಿಮೆಯ ಕಾರ್ಡು, ‘ಕಾರ್ತ್ ವಿತಾಲ್’. ಮೂರು ತಿಂಗಳು ವಾಸ ಆದ ಮೇಲೆ ಅರ್ಜಿ ಹಾಕಿದೆವು. ಜನನ ಪ್ರಮಾಣಪತ್ರ ಕಳಿಸಿ ಎಂದರು.

ನಾನು ಹುಟ್ಟಿದ್ದು 1958ರಲ್ಲಿ, ಸಾಗರದ ಹತ್ತಿರದ ಹಳ್ಳಿಮನೆಯಲ್ಲಿ. ‘ಅಡಿಕೆ ಕೊಯ್ಲಿನ ಟೈಮು’ ಎನ್ನುತ್ತಿದ್ದಳು ಅಮ್ಮ. ಅದನ್ನು ಯಾರು ಬರೆಸುತ್ತಾರೆ? ಎಸ್ಸೆಸ್ಸೆಲ್ಸಿ ಕಾರ್ಡಿನ ತಾರೀಖಿನಲ್ಲೇ ಕೆಲಸ, ಪೆನ್ಶನ್, ಪಾಸ್‌ಪೋರ್ಟ್ ಎಲ್ಲ ಆಗಿಹೋಯಿತು. ಇಲ್ಲಿ ಆ ಕಾರ್ಡು ಮೂರು ಕಾಸಿಗೂ ಬೇಡ. ಅಪ್ಪ-ಅಮ್ಮನ ಹೆಸರಿರುವ ಜನನ ಪತ್ರವೇ ಆಗಬೇಕು. ಊರಲ್ಲಿರುವ ತಮ್ಮ ಅರ್ಜಿ, ಅಫಿಡವಿಟ್ ಎಂದು ತಿರುಗಿ ತಡವಾದ ನೋಂದಣಿ ಮಾಡಿಸಿದ. ಅದಕ್ಕೆ ನಮ್ಮ ಕಾಗದವನ್ನು ಹೊರದೇಶದವರು ಒಪ್ಪಲು ಬೇಕಾದ ಅಪೊಸ್ಟಿಲ್ ಮುದ್ರೆ, ಅದರ ಮೇಲೆ ಇಲ್ಲಿನ ಪ್ರಮಾಣಿತ ಅನುವಾದಕರಿಂದ ಫ್ರೆಂಚ್ ಅನುವಾದ. ನನ್ನ ಅರವತ್ತೈದನೇ ವಯಸ್ಸಿನಲ್ಲಿ ನಾನು ಅಧಿಕೃತವಾಗಿ ಹುಟ್ಟಿದೆ. ಇಲ್ಲಿಗೆ ಬರುವ ಯೋಚನೆ ಇರುವ ನನ್ನ ವಯಸ್ಸಿನವರು ಈ ಒಂದು ಕಾಗದವನ್ನು ಊರಲ್ಲಿದ್ದಾಗಲೇ ಮಾಡಿಸಿಕೊಳ್ಳಿ. ಸ್ವೆಟರ್ ಇಲ್ಲೂ ಸಿಗುತ್ತದೆ.

ಹೆಸರಿನದು ಬೇರೆಯೇ ಗೋಳು. ನನ್ನ ಇನಿಶಿಯಲ್‌ನಲ್ಲಿ ಊರಿದೆ, ಅಪ್ಪನ ಹೆಸರಿದೆ. ಪಾಸ್‌ಪೋರ್ಟಿನಲ್ಲಿ ಮದುವೆಯಾದ ಮೇಲಿನ ಹೆಸರು. ಇವರಿಗೆ ಹೆಣ್ಣುಮಕ್ಕಳ ಹುಟ್ಟುಹೆಸರೇ ಮುಖ್ಯ, ಗಂಡನ ಹೆಸರು ಬಳಕೆಗೆ ಮಾತ್ರ. ಹಾಗಾಗಿ ನಲವತ್ತು ವರ್ಷದ ಹಿಂದೆ ಬಿಟ್ಟುಬಂದ ಅಪ್ಪನ ಮನೆಯ ಹೆಸರಲ್ಲಿ ಈಗ ಟಪಾಲು ಬರುತ್ತದೆ. ಸುಳ್ಳು ಯಾಕೆ, ಲಕೋಟೆ ಮೇಲೆ ಅದನ್ನು ನೋಡಿದರೆ ಖುಷಿಯಾಗುತ್ತದೆ.

ಇನ್ನೊಂದು ಪಾಠ ಕರೆಂಟ್ ಬಿಲ್ಲಿನದು. ವಿಳಾಸಕ್ಕೆ ಪುರಾವೆ ಎಂದು ಎಲ್ಲರೂ ಮೂರು ತಿಂಗಳಿಗಿಂತ ಹಳೆಯದಲ್ಲದ ಬಿಲ್ ಕೇಳುತ್ತಾರೆ. ನಮ್ಮ ಬಿಲ್ ಯಜಮಾನರ ಹೆಸರಲ್ಲಿ ಮಾತ್ರ ಇತ್ತು. ಒಂದು ಕಚೇರಿಯಲ್ಲಿ ‘ನೀವು ಇವರ ಜೊತೆ ವಾಸವಾಗಿದ್ದೀರಿ ಎಂಬುದಕ್ಕೆ ಪುರಾವೆ?’ ಎಂದರು. ನಲವತ್ತು ವರ್ಷದ ಸಂಸಾರಕ್ಕೆ ಪುರಾವೆ ಇಲ್ಲದೆ ಮನೆಗೆ ಬಂದೆ. ಮರುದಿನವೇ ಬಿಲ್ಲಿಗೆ ಎರಡೂ ಹೆಸರು ಹಾಕಿಸಿದೆವು. ಪುರಾವೆ ಕೇಳಿದ ಆ ಕಚೇರಿಯ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮುಖ್ಯ ಅನಿಸಿದ ಕಾಗದವನ್ನೆಲ್ಲ ಸ್ವೀಕೃತಿ ಚೀಟಿ ಸಮೇತ ರಿಜಿಸ್ಟರ್ ಮಾಡಿಯೇ ಕಳಿಸುತ್ತೇನೆ, ಇಲ್ಲಿ ಅದಕ್ಕೆ ಇನ್ನೂ ಭಾರಿ ಬೆಲೆ. ನಮ್ಮಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿಸಿದರು ಎಂದು ಓದಿ ಮನಸ್ಸಿಗೆ ಒಂಥರಾ ಆಯಿತು.

ಕಾರ್ಡು ಬಂದರೂ ಡಾಕ್ಟರ್ ಸಿಗಬೇಕಲ್ಲ? ‘ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ’ ಎನ್ನುವ ವಾಕ್ಯ ನನಗೆ ಫ್ರೆಂಚಿನಲ್ಲಿ ಬಾಯಿಪಾಠವಾಯಿತು. ಸಣ್ಣ ಊರುಗಳಲ್ಲಿ ಡಾಕ್ಟರುಗಳು ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ಬರುವವರು ಕಮ್ಮಿ. ಎಂಟು ತಿಂಗಳಾದ ಮೇಲೆ ಔಷಧಿ ಅಂಗಡಿಯವರೇ ಒಬ್ಬರನ್ನು ಹುಡುಕಿಕೊಟ್ಟರು. ಈಗ ಅವರೇ ನಮ್ಮ ಹೆಸರಿಗೆ ನೋಂದಾದ ಡಾಕ್ಟರು. ಫೀಸು 30 ಯೂರೋ. ಅದರಲ್ಲಿ ಶೇಕಡಾ 70, ಅಂದರೆ 21 ಯೂರೋ ಸರ್ಕಾರದ ವಿಮೆಯ ಪಾಲು. 2 ಯೂರೋ ಮುರಿದುಕೊಂಡು 19 ವಾಪಸ್ ಕೊಡುತ್ತಾರೆ. ಹೀಗೆ ಡಾಕ್ಟರನ್ನು ಗೊತ್ತು ಮಾಡಿಕೊಳ್ಳದಿದ್ದರೆ ಶೇಕಡಾ 70ರ ಬದಲು ಶೇಕಡಾ 30ರ ಲೆಕ್ಕದಲ್ಲೇ ಕೊಡುತ್ತಾರೆ.

ಲೆಕ್ಕ ಎಂದರೆ ನೆನಪಾಯಿತು. ನೋಟಿನ ಕಟ್ಟು ಕಣ್ಣು ಮುಚ್ಚಿ ಎಣಿಸುತ್ತಿದ್ದವಳು ಇಲ್ಲಿ ಫೋನ್ ನಂಬರ್ ಬರೆದುಕೊಳ್ಳಲಾಗದೆ ಸೋತೆ. ತೊಂಬತ್ತೆರಡಕ್ಕೆ ಇವರು ‘ನಾಲ್ಕಿಪ್ಪತ್ತು ಹನ್ನೆರಡು’ ಎನ್ನುತ್ತಾರೆ. ನಾನು 80 ಎಂದು ಬರೆದು ಮುಗಿಸುವಷ್ಟರಲ್ಲಿ ‘ಹನ್ನೆರಡು’ ಬರುತ್ತದೆ, ಹೊಡೆದುಹಾಕಬೇಕು. ವಾರಕ್ಕೆರಡು ಸಂಜೆ ಒಂದು ಸಂಘದ ಸ್ವಯಂಸೇವಕರು ವಿದೇಶಿಯರಿಗೆ ಫ್ರೆಂಚ್ ಹೇಳಿಕೊಡುತ್ತಾರೆ. ತರಗತಿಗೆ ಹೋಗುವ ದಾರಿಯಲ್ಲೇ ಶಾಂಪೋಲಿಯೋಂ ಹುಟ್ಟಿದ ಮನೆ. ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಬಿಡಿಸಿದವರು, 1790ರಲ್ಲಿ ಈ ಊರಿನಲ್ಲಿ ಹುಟ್ಟಿದವರು. ಈಗ ಅದು ಪ್ರಪಂಚದ ಲಿಪಿಗಳ ಮ್ಯೂಸಿಯಂ. ಪಕ್ಕದ ಅಂಗಳದಲ್ಲಿ, ಆ ಲಿಪಿ ಬಿಡಿಸಲು ನೆರವಾದ ರೊಸೆಟ್ಟಾ ಶಿಲೆಯ ದೈತ್ಯ ಪ್ರತಿಯನ್ನು ಕಪ್ಪು ಗ್ರಾನೈಟಿನಲ್ಲಿ ಮಾಡಿ ನೆಲಕ್ಕೆ ಹಾಸಿದ್ದಾರೆ, ಜನ ಅದರ ಮೇಲೇ ನಡೆದಾಡುತ್ತಾರೆ. ನಾವು ಬಂದ ವರ್ಷ ಆ ಸಾಧನೆಗೆ ಇನ್ನೂರು ತುಂಬಿತ್ತು. ಊರಿಡೀ ಲಿಪಿ ಬಿಡಿಸಿದ ಸಂಭ್ರಮ, ನನಗೆ ಕಸದ ಡಬ್ಬಿಯ ಮೇಲಿನ ಬರಹವೂ ಬಿಡಿಸಲಾಗದ ಸಂಕಟ.

ಶನಿವಾರ ಕಾರ್ನೋ ಚೌಕದಲ್ಲಿ ಸಂತೆ. ಅಕ್ರೋಟು, ಕುಂಬಳ, ಈ ಸೀಮೆಯಲ್ಲೇ ಬೆಳೆಯುವ ಕೇಸರಿ ಎಲ್ಲ ಸಿಗುತ್ತದೆ. ಮಿಕ್ಕಂತೆ ಎಲ್ಲೆಲ್ಲೂ ಬಾತುಕೋಳಿ. ‘ಮಾಂಸ ತಿನ್ನುವುದಿಲ್ಲ’ ಎಂದರೆ ಇಲ್ಲಿ ಸಾಲದು. ಮೀನು ಬೇಡ, ಹಂದಿಯ ಚೂರು ಬೇಡ, ಬಾತುಕೋಳಿ ಬೇಡ ಎಂದು ಬಿಡಿಸಿ ಹೇಳಬೇಕು. ಹೇಳಿದ ಮೇಲೂ ಒಂದು ಹೋಟೆಲಿನಲ್ಲಿ ಸಲಾಡ್ ಮೇಲೆ ಟ್ಯೂನಾ ಬಂತು. ರೊಕಮದೂರ್ ಎಂಬ 35 ಗ್ರಾಮಿನ ಆಡಿನ ಚೀಸ್ ನನಗೆ ಪ್ರಾಣ. ಅದಕ್ಕೆ ಹೆಪ್ಪು ಹಾಕುವುದು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಎಂದು ತಿಳಿದ ದಿನ ಬಿಟ್ಟೆ. ಯಜಮಾನರು ಬಿಟ್ಟಿಲ್ಲ. ಕಪ್ಪು ಗೋಧಿ ಎನ್ನುವ ಸರಾಜ಼ಾಂ ಹಿಟ್ಟಿನಲ್ಲಿ ದೋಸೆ ಚೆನ್ನಾಗಿ ಏಳುತ್ತದೆ. ಸೋನಾ ಮಸೂರಿ, ಹುಣಸೆಹಣ್ಣು ಟುಲೂಸಿನಿಂದ ತರುತ್ತೇವೆ. ಕರಿಬೇವಿನ ಗಿಡ ಎರಡು ಚಳಿಗಾಲ ನೋಡಲಿಲ್ಲ.

ಚಳಿಗಾಲ ಅಂದರೆ ಹಿಮವೇನೂ ಇಲ್ಲ, ಕತ್ತಲೆಯದ್ದೇ ಕಾಟ. ಡಿಸೆಂಬರ್‌ನಲ್ಲಿ ಬೆಳಗಾಗುವುದೇ ಎಂಟರ ಮೇಲೆ. ಅದಕ್ಕೆ ಮೊದಲು ನವೆಂಬರ್‌ನಲ್ಲಿ ಪೆನ್ಶನ್‌ಗೆ ಜೀವಂತ ಪ್ರಮಾಣಪತ್ರ ಕೊಡಬೇಕು. ಫೋನಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಆಯಿತು, ಆದರೆ ಬೆಳಕು ಸಾಲದೆ ಆ್ಯಪ್ ಒಪ್ಪುವುದಿಲ್ಲ. ಹೋದ ವರ್ಷ ಹೊಳೆಯ ಸೇತುವೆ ಮೇಲೆ ನಿಂತು ಬದುಕಿದ್ದೇನೆಂದು ಸಾಬೀತು ಮಾಡಿದೆ.

ಫ್ರಾನ್ಸಿನ ಲ ಪುಯಿ ಊರಿನಿಂದ ಸ್ಪೇನಿನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ದಾರಿ ಈ ಊರಿನ ಮೂಲಕ ಹಾಯುತ್ತದೆ. ಬೆನ್ನಚೀಲಕ್ಕೆ ಚಿಪ್ಪು ಕಟ್ಟಿಕೊಂಡು ಕುಂಟುತ್ತಾ ಬರುವವರನ್ನು ನೋಡಿದರೆ ಧರ್ಮಸ್ಥಳದ ಪಾದಯಾತ್ರೆಯವರೇ ಕಣ್ಣಿಗೆ ಬರುತ್ತಾರೆ. ನಾನು ಗುರುವಾರ ಮಧ್ಯಾಹ್ನ ಒಂದು ಸಂಘದ ಹಳೇ ಬಟ್ಟೆ ಅಂಗಡಿಯಲ್ಲಿ ಕೂರುತ್ತೇನೆ. ಸಂಬಳವಿಲ್ಲ, ಸೇವೆ. ಆರು ವರ್ಷದ ಮೇಲೆ ಮತ್ತೆ ಕೌಂಟರ್‌ನ ಆಚೆ ಕಡೆ. ಹೋದ ಮೇ ತಿಂಗಳಲ್ಲಿ ಒಬ್ಬ ಯಾತ್ರಿಕ ಒದ್ದೆಯಾಗಿ ಒಳಗೆ ಬಂದ. ನೇರ ನನ್ನ ಮುಂದೆ ನಿಂತು, ಉಣ್ಣೆಯ ಸಾಕ್ಸ್ ಎತ್ತಿ, ಇಂಗ್ಲಿಷಿನಲ್ಲಿ ‘ಎಷ್ಟು?’ ಎಂದ. ನನಗೆ ಇಂಗ್ಲಿಷ್ ಬರುತ್ತದೆ. ರೇಟೂ ಗೊತ್ತಿತ್ತು.

‘ಬೋಂಜೂರ್, ಮಸ್ಯೂ’ ಎಂದೆ.

ಅವನು ಮತ್ತೆ ಸಾಕ್ಸ್ ತೋರಿಸಿದ. ನಾನು ಮತ್ತೆ ‘ಬೋಂಜೂರ್, ಮಸ್ಯೂ’ ಎಂದೆ. ಕಕ್ಕಾಬಿಕ್ಕಿಯಾಗಿ ಟೋಪಿ ತೆಗೆದು ‘ಬೋಂಜೂರ್’ ಎಂದ. ಎರಡು ಯೂರೋ ಇಸಿದುಕೊಂಡು ಸಾಕ್ಸ್ ಕೊಟ್ಟೆ.