ಶೀಗಿ ಹುಣ್ಣಿಮೆಯ ಸ್ಫೋಟ: ಸ್ವಿಫ್ಟ್ ದತ್ತಾಂಶವನ್ನು ವಿಜಯಪುರದಲ್ಲಿ ಕುಳಿತು ಅಳೆದ ಬಗೆ

2022ರ ಅಕ್ಟೋಬರ್ 9, ಶೀಗಿ ಹುಣ್ಣಿಮೆ. ಸಂಜೆ 6:47ಕ್ಕೆ ಫರ್ಮಿ ಉಪಗ್ರಹ ಜಿಆರ್‌ಬಿ 221009ಎ ಎಂಬ ಗಾಮಾ ಕಿರಣ ಸ್ಫೋಟವನ್ನು ಹಿಡಿಯಿತು. ಲೆಕ್ಕ ಹಾಕಿದರೆ ಆ ಜಾಗ ಆಗ ವಿಜಯಪುರದ ನೆತ್ತಿಯಿಂದ ಬರೀ ಐದು ಡಿಗ್ರಿ ಆಚೆಗಿತ್ತು. ಗಾಮಾ ಕಿರಣ ವಾತಾವರಣ ದಾಟುವುದಿಲ್ಲವಾದ್ದರಿಂದ ಕೆಳಗೆ ನಿಂತ ಯಾರ ಕಣ್ಣಿಗೂ ಸುಳಿವಿಲ್ಲ. ಇನ್ನೊಂದು ಉಪಗ್ರಹ ಸ್ವಿಫ್ಟ್ ಇದನ್ನು ಗುರುತಿಸಿದ್ದು 7:40ಕ್ಕೆ. ಮೊದಲು ಅದನ್ನು ನಮ್ಮ ಆಕಾಶಗಂಗೆಯದೇ ಆಕರ ಎಂದುಕೊಂಡರು. ಆಮೇಲೆ ಕೆಂಪು ಪಲ್ಲಟ (ರೆಡ್‌ಶಿಫ್ಟ್) 0.151, ಅಂದರೆ ಅದು ದೂರದ ಬೇರೆ ಗೆಲಾಕ್ಸಿಯದು ಎಂದು ಗೊತ್ತಾಯಿತು.

ಸ್ಫೋಟದ ನಂತರ ಉಳಿದ ಎಕ್ಸ್‌ರೇ ಹೊಳಪು ಹೇಗೆ ಇಳಿಯಿತೆಂದು ಸ್ವಿಫ್ಟ್ ದತ್ತಾಂಶದಿಂದ ಅಳೆಯುವಾಗ ಎಡವುವ ಮೊದಲ ಜಾಗ ಈ 53 ನಿಮಿಷವೇ. ಬಿ.ಎಸ್ಸಿ. ಹುಡುಗರು ಕೇಳುವ ಮೊದಲ ಪ್ರಶ್ನೆಯೂ ಅದೇ: "ಸರ್, ಸೊನ್ನೆ ಯಾವ ಟೈಮಿಗೆ ಹಿಡೀಬೇಕ್ರಿ?" ಫರ್ಮಿಯ ಸಮಯಕ್ಕೇ ಹಿಡಿಯಬೇಕು. ಸ್ವಿಫ್ಟ್ ಸಮಯದಿಂದ ಎಣಿಸಿದ 1,000 ಸೆಕೆಂಡ್ ನಿಜದಲ್ಲಿ 4,197 ಸೆಕೆಂಡ್; 10,000 ಅಂದರೆ 13,197. ಹೊಳಪು ಕಾಲದ 1.5ನೇ ಘಾತದಲ್ಲಿ ಇಳಿಯುತ್ತಿದ್ದರೂ ತಪ್ಪು ಸೊನ್ನೆಯಿಂದ ನೋಡಿದಾಗ 0.75ರ ಇಳಿಜಾರು ಕಾಣುತ್ತದೆ. ಅದನ್ನು ನೋಡಿ ಸ್ಫೋಟದ ಎಂಜಿನ್ ಇನ್ನೂ ಶಕ್ತಿ ಒದಗಿಸುತ್ತಿದೆ ಎಂದು ಸಿದ್ಧಾಂತ ಕಟ್ಟಲು ಹೊರಟರೆ ಮುಗಿಯಿತು.

ದತ್ತಾಂಶ ಎಲ್ಲರಿಗೂ ಮುಕ್ತ. ವೀಕ್ಷಣೆಯ ಗುರುತು 11 ಅಂಕಿಯದು: ಮೊದಲ ಎಂಟು ಆಕರಕ್ಕೆ, ಕೊನೆಯ ಮೂರು ಕಂತಿಗೆ (ಆ ಆಕರವನ್ನು ಎಷ್ಟನೇ ಸಲ ನೋಡಿದ್ದು ಎಂಬುದಕ್ಕೆ). ಇಳಿಸಿಕೊಳ್ಳುವಾಗ ಕರೆಂಟು ಹೋದರೆ ಅರ್ಧ ಬಂದ ಫೈಲೂ ಹೆಸರಿನಲ್ಲಿ ಪೂರ್ತಿ ಇದ್ದಂತೆಯೇ ಕಾಣುತ್ತದೆ. ಫೈಲ್ ಸರಿಯಿದೆಯೇ ಎಂದು ನೋಡುವ ಎಫ್‌ಟಿವೆರಿಫೈ ಪ್ರೋಗ್ರಾಂ ಓಡಿಸದೆ ಮುಂದೆ ಹೋಗಬಾರದು. ಆಮೇಲೆ ದತ್ತಾಂಶ ಹಸನು ಮಾಡುವ ಎಕ್ಸ್‌ಆರ್‌ಟಿಪೈಪ್‌ಲೈನ್, ಅದರ ಮೇಲೆ ಬೇಕಾದ ಭಾಗ ಆರಿಸಿಕೊಳ್ಳುವ ಎಕ್ಸ್‌ಸೆಲೆಕ್ಟ್.

ಎರಡನೆಯ ತೊಡಕು ಫೋಟಾನ್‌ಗಳು ಒಂದರ ಮೇಲೊಂದು ಬೀಳುವುದು, ಅಂದರೆ ಪೈಲ್-ಅಪ್. ಸ್ವಿಫ್ಟ್‌ನ ಎಕ್ಸ್‌ರೇ ದೂರದರ್ಶಕವಾದ ಎಕ್ಸ್‌ಆರ್‌ಟಿಯ ಪಿಸಿ (ಫೋಟಾನ್ ಎಣಿಸುವ) ವಿಧಾನದಲ್ಲಿ ಒಂದು ಚಿತ್ರಕ್ಕೆ 2.5 ಸೆಕೆಂಡ್. ಅಷ್ಟರಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಎರಡರ ಶಕ್ತಿ ಕೂಡಿ ಒಂದೇ ಎಂದು ದಾಖಲಾಗುತ್ತದೆ. ಎಣಿಕೆ ಇಳಿಯುತ್ತದೆ, ರೋಹಿತ ಸುಳ್ಳೇ ಗಡುಸಾಗುತ್ತದೆ, ಅಂದರೆ ಹೆಚ್ಚು ಶಕ್ತಿಯ ಕಡೆ ವಾಲಿದಂತೆ ಕಾಣುತ್ತದೆ. ಸೆಕೆಂಡಿಗೆ 0.6 ಎಣಿಕೆ ದಾಟಿತೆಂದರೆ ಅನುಮಾನಿಸಬೇಕು. ಈ ಸ್ಫೋಟ ದಿನಗಟ್ಟಲೆ ಅದಕ್ಕಿಂತ ಮೇಲಿತ್ತು. ಪರಿಹಾರ ಇಷ್ಟು: ಬಿಂಬದ ಹೊರ ಅಂಚಿಗೆ, ದೂರದರ್ಶಕದಲ್ಲಿ ಬೆಳಕು ಹರಡುವ ಬಗೆಯನ್ನು ಹೇಳುವ ಕಿಂಗ್ ವಕ್ರರೇಖೆಯನ್ನು (ತಿರುಳಿನ ತ್ರಿಜ್ಯ 5.8 ಆರ್ಕ್‌ಸೆಕೆಂಡ್, ಘಾತ 1.55) ಹೊಂದಿಸಿ ಒಳಕ್ಕೆ ಎಳೆಯುವುದು. ಅಳತೆಯ ಬಿಂದುಗಳು ಎಲ್ಲಿ ಗೆರೆಗಿಂತ ಕೆಳಗೆ ಜಾರುತ್ತವೋ ಅಲ್ಲಿಂದ ಒಳಗಿನದನ್ನೆಲ್ಲ ತೆಗೆದುಹಾಕಿ, ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಭಾಗವನ್ನಷ್ಟೇ ಉಳಿಸಿಕೊಳ್ಳುವುದು. ದೂರದರ್ಶಕದ ಸಂವೇದನೆ ಲೆಕ್ಕ ಹಾಕುವ ಎಕ್ಸ್‌ಆರ್‌ಟಿಎಂಕೆಎಆರ್‌ಎಫ್ ಪ್ರೋಗ್ರಾಂನಲ್ಲಿ ಪಿಎಸ್‌ಎಫ್ (ಬೆಳಕಿನ ಹರಡಿಕೆ) ತಿದ್ದುಪಡಿಗೆ 'ಯೆಸ್' ಕೊಡದಿದ್ದರೆ ಆ ತೂತಿನಲ್ಲಿ ಹೋದ ಬೆಳಕು ಲೆಕ್ಕಕ್ಕೆ ಮರಳುವುದಿಲ್ಲ. ಯಾವ ಭಾಗ ಎಷ್ಟು ಹೊತ್ತು ಬೆಳಕು ಹಿಡಿಯಿತೆಂದು ತೋರಿಸುವ ಎಕ್ಸ್‌ಪೋಶರ್ ನಕ್ಷೆಯನ್ನೂ ಕೊಡಬೇಕು: 2005ರ ಮೇ 27ರಂದು ಸಣ್ಣ ಉಲ್ಕಾಕಣ ಬಡಿದು ಬೆಳಕು ದಾಖಲಿಸುವ ಸಿಸಿಡಿ ಚಿಪ್‌ನ ಕೆಲವು ಸಾಲುಗಳು ಕೆಟ್ಟಿವೆ.

ಹೆಚ್ಚು ಹೊತ್ತು ತಿಂದದ್ದು ಹಿನ್ನೆಲೆ, ಅಂದರೆ ಅಳತೆಯಿಂದ ಕಳೆಯಬೇಕಾದ ಸುತ್ತಲಿನ ಬೆಳಕು. ಸ್ಫೋಟದ ಎಕ್ಸ್‌ರೇ ನಮ್ಮ ಆಕಾಶಗಂಗೆಯ ಧೂಳಿಗೆ ತಾಗಿ, ಸುತ್ತು ಹಾಕಿ ತಡವಾಗಿ ಬಂದು ಉಂಗುರಗಳಾಗಿ ಕಾಣಿಸಿತು. ಗೋಲಗುಮ್ಮಟದಲ್ಲಿ ಚಪ್ಪಾಳೆ ಹೊಡೆದು ಸುಮ್ಮನೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್‌ರೇ ಉಪಗ್ರಹ ಇಂಥ 20 ಉಂಗುರಗಳನ್ನು ಬಿಡಿಸಿತು. ಧೂಳಿನ ದೂರ 300 ಪಾರ್ಸೆಕ್‌ನಿಂದ 18.6 ಕಿಲೊಪಾರ್ಸೆಕ್‌ವರೆಗೆ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ). ಒಂದು ಕಿಲೊಪಾರ್ಸೆಕ್ ದೂರದ ಧೂಳಾದರೆ ಒಂದು ದಿನಕ್ಕೆ ಉಂಗುರದ ತ್ರಿಜ್ಯ ಸುಮಾರು 4.5 ಆರ್ಕ್‌ಮಿನಿಟ್ (60 ಆರ್ಕ್‌ಮಿನಿಟ್ ಸೇರಿ ಒಂದು ಡಿಗ್ರಿ), ನಾಲ್ಕನೆಯ ದಿನಕ್ಕೆ ಅದರ ಎರಡು ಪಟ್ಟು. ನಾವು ರೂಢಿಯಂತೆ ಹಿನ್ನೆಲೆಗೆ ಹಿಡಿಯುವ 60–110 ಪಿಕ್ಸೆಲ್ ಪಟ್ಟಿ ಅಂದರೆ 2.4ರಿಂದ 4.3 ಆರ್ಕ್‌ಮಿನಿಟ್, ಉಂಗುರಗಳು ಹಾದುಹೋಗುವುದೂ ಅಲ್ಲಿಂದಲೇ. ಉಂಗುರದ ಬೆಳಕು ಮೆದು (ಕಡಿಮೆ ಶಕ್ತಿಯ) ಎಕ್ಸ್‌ರೇಯಲ್ಲೇ ಹೆಚ್ಚು. ಗೊತ್ತಾಗದೆ ಅದನ್ನು ಹಿನ್ನೆಲೆಯೆಂದು ಕಳೆದರೆ ಕೆಳಶಕ್ತಿಯ ಎಣಿಕೆ ಹೆಚ್ಚಾಗಿ ಕಳೆದು, ದಾರಿಯ ಅನಿಲ ಎಕ್ಸ್‌ರೇ ಹೀರಿಕೊಂಡಂತೆ, ಅಂದರೆ ಇಲ್ಲದ ಹೀರಿಕೆ ಇದ್ದಂತೆ ತೋರುತ್ತದೆ. ಹಾಗಾಗಿ ಪ್ರತಿ ಕಂತಿಗೂ 1–4 ಕಿಲೊಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಕ್ಸ್‌ರೇಯ ಚಿತ್ರ ತೆಗೆದು, ನಯಗೊಳಿಸಿ, ಉಂಗುರವಿಲ್ಲದ ಜಾಗವನ್ನು ಕಣ್ಣಿನಿಂದಲೇ ಆರಿಸಬೇಕು. ಮೊನ್ನೆಯ ಪಟ್ಟಿ ಇವತ್ತಿಗೆ ನಡೆಯದು.

ರೋಹಿತಕ್ಕೆ ಮಾದರಿ ಹೊಂದಿಸುವ ಎಕ್ಸ್‌ಸ್ಪೆಕ್ ಪ್ರೋಗ್ರಾಂನಲ್ಲಿ ನಮ್ಮ ಆಕಾಶಗಂಗೆಯ ಹೀರಿಕೆಯನ್ನು ಚದರ ಸೆಂಟಿಮೀಟರಿಗೆ 5.4×10²¹ ಹೈಡ್ರೋಜನ್ ಪರಮಾಣುಗಳಿಗೆ ಕಟ್ಟಿಹಾಕಿ, 0.151 ಪಲ್ಲಟದ (ಸ್ಫೋಟದ ಗೆಲಾಕ್ಸಿಯ) ಇನ್ನೊಂದು ಹೀರಿಕೆಯನ್ನು ಸಡಿಲ ಬಿಡುತ್ತೇವೆ. ಎಣಿಕೆ ಕಡಿಮೆಯಿರುವ ಕಂತಿಗೆ ಸಿ-ಸ್ಟ್ಯಾಟ್ ಎಂಬ ಸಂಖ್ಯಾಶಾಸ್ತ್ರದ ಅಳತೆ ಬಳಸಬೇಕು. ಬೆಳಕಿನ ವಕ್ರರೇಖೆಯಲ್ಲಿ ನಡುನಡುವೆ ಖಾಲಿ ಬಿಡುವುದು ಸಹಜ, ಸ್ವಿಫ್ಟ್ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವಾಗ ಭೂಮಿಯೇ ಅಡ್ಡ ಬರುತ್ತದೆ.

ಉಂಗುರಗಳನ್ನು ಕಸವೆಂದು ಬಿಸಾಡಲಿಲ್ಲ. ತ್ರಿಜ್ಯದ ವರ್ಗವನ್ನು ದಿನಗಳಿಗೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನೇರ ಗೆರೆ ಬರುತ್ತದೆ, ಅದರ ಇಳಿಜಾರಿನಿಂದ ಧೂಳಿನ ದೂರ ಸಿಗುತ್ತದೆ. ಅದಕ್ಕೆ ಒಂದೇ ಉಂಗುರದ ಮೂರು ಕಂತು ಸಾಕು.