ಸಫಾರಿಯೊಳಗಿನ ಪಿಸ್ತೂಲು

ಕಲಬುರಗಿಯ ಸಶಸ್ತ್ರ ಮೀಸಲು ಪಡೆಯಲ್ಲಿದ್ದಾಗ ನನಗೆ ಜಾಸ್ತಿ ಬೀಳುತ್ತಿದ್ದದ್ದು ಗನ್‌ಮ್ಯಾನ್ ಡ್ಯೂಟಿ. ಸಫಾರಿ ಹಾಕಿಕೊಂಡು, ಸೊಂಟಕ್ಕೆ 9 ಎಂಎಂ ಪಿಸ್ತೂಲು ಸಿಕ್ಕಿಸಿಕೊಂಡು ಸಾಹೇಬರ ಹಿಂದೆ ನಿಲ್ಲುವ ಕೆಲಸ. ಪಿಸ್ತೂಲು ಹೊರಗೆ ತೆಗೆಯುವ ಪ್ರಸಂಗ ಬರುವುದೇ ಅಪರೂಪ. ಆದರೂ ಅಭ್ಯಾಸ ಬಿಡುವ ಹಾಗಿಲ್ಲ ನೋಡಿ.

ಬೇಗ ತೆಗೆಯಬೇಕು ಎಂದರೆ ಹುಡುಗರು ಕೈಚಳಕದ ಬಗ್ಗೆ ಕೇಳುತ್ತಾರೆ. ನಾನು ಮೊದಲು ಅವರ ಬೆಲ್ಟ್ ನೋಡುತ್ತೇನೆ. ಆ ಪಿಸ್ತೂಲು ಗುಂಡಿಲ್ಲದೆಯೇ ಒಂದು ಕಿಲೋ ಹತ್ತಿರ ತೂಗುತ್ತದೆ. ಬೆಲ್ಟ್ ತೆಳ್ಳಗಿದ್ದರೆ ಎಳೆದಾಗ ಪಿಸ್ತೂಲು ಇಡುವ ಚೀಲ, ಅಂದರೆ ಹೋಲ್‌ಸ್ಟರೂ ಜೊತೆಗೇ ಎದ್ದು ಬರುತ್ತದೆ. ಅಗಲವಾದ ದಪ್ಪ ಬೆಲ್ಟ್, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಇವೆರಡರಲ್ಲಿ ರಾಜಿ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬೆವರು ಕುಡಿದು ಚರ್ಮ ಮೆತ್ತಗಾಗುತ್ತದೆ. ಬಾಯಿ ಮೆತ್ತಗಾದ ಹೋಲ್‌ಸ್ಟರ್ ಒಳಕ್ಕೆ ಮಡಚಿಕೊಂಡರೆ, ಪಿಸ್ತೂಲು ವಾಪಸ್ ಇಡುವಾಗ ಅದೇ ಮಡಿಕೆ ಟ್ರಿಗರ್ ಒತ್ತಿಬಿಡಬಹುದು. ಅಂಥದ್ದನ್ನು ಎಸೆಯುವುದೇ ಸರಿ.

ತೆಗೆಯುವಾಗ ನನ್ನ ಎಡಗೈ ಸಫಾರಿಯ ಅಂಚನ್ನು ಹಿಡಿದು ಎದೆವರೆಗೆ ಎತ್ತುತ್ತದೆ, ಅಲ್ಲೇ ನಿಲ್ಲುತ್ತದೆ. ಕೆಳಗೆ ಬಿಟ್ಟರೆ ನಳಿಗೆಯ ಮುಂದೆ ನಮ್ಮದೇ ಕೈ ಬರುತ್ತದೆ. ಬಲಗೈ ಹಿಡಿಯನ್ನು ಆದಷ್ಟು ಮೇಲೆ ಹಿಡಿಯುತ್ತದೆ. ಹೆಬ್ಬೆರಳು ಹೋಲ್‌ಸ್ಟರ್ ಪಟ್ಟಿಯ ಬಟನ್ ಬಿಚ್ಚುತ್ತದೆ, ತೋರುಬೆರಳು ಹೋಲ್‌ಸ್ಟರಿನ ಹೊರಗೆ ನೇರವಾಗಿ ಚಾಚಿರುತ್ತದೆ. ಪಿಸ್ತೂಲು ಹೋಲ್‌ಸ್ಟರ್ ಒಳಗಿರುವಾಗಲೇ ಈ ಹಿಡಿತ ಪೂರ್ತಿ ಆಗಬೇಕು. ಹೊರಬಂದ ಮೇಲೆ ಕೈ ಸರಿಮಾಡಿಕೊಳ್ಳುವವರು ಅಲ್ಲೇ ಸಮಯ ಕಳೆಯುತ್ತಾರೆ. ನಮಗೆ ಕಲಿಸಿದ ಆರ್‌ಎಸ್‌ಐ (ರಿಸರ್ವ್ ಸಬ್ ಇನ್‌ಸ್ಪೆಕ್ಟರ್) ಸಾಹೇಬರು ಇಷ್ಟೇ ಹೇಳುತ್ತಿದ್ದರು: "ಅವಸರ ಮಾಡಬ್ಯಾಡ್ರಿ, ಹಿಡಿತ ಗಟ್ಟಿ ಮಾಡ್ರಿ. ಮುಂದಿಂದು ತಾನೇ ಬರ್ತದ."

ನಂತರ ನೇರ ಮೇಲಕ್ಕೆ. ನಳಿಗೆ ಹೊರಬಂದ ಕೂಡಲೇ ಮುಂದಕ್ಕೆ ತಿರುಗಬೇಕು, ಪಕ್ಕದವರ ಮೇಲೆ ಹಾಯಬಾರದು. ನಾನು ಚೇಂಬರ್, ಅಂದರೆ ಹಾರಬೇಕಾದ ಗುಂಡು ಕೂರುವ ಜಾಗ, ಖಾಲಿ ಇಟ್ಟೇ ಓಡಾಡುತ್ತಿದ್ದೆ. ಹಾಗಾಗಿ ಎದೆಯ ಮುಂದೆ ಎಡಗೈ ಹಿಂದಿನಿಂದ ಬಂದು, ಗುಂಡು ಒಳಗೆ ಕೂರಿಸಲು ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯುತ್ತಿತ್ತು. ಆಮೇಲೆ ಎರಡೂ ಕೈ ಸೇರಿ ಮುಂದೆ ಚಾಚುವುದು. ಗುರಿ ಕಂಡು, ಗುಂಡು ಹಾರಿಸಲೇಬೇಕು ಎಂದು ತೀರ್ಮಾನ ಆಗುವವರೆಗೆ ಬೆರಳು ಟ್ರಿಗರ್ ಮುಟ್ಟುವುದಿಲ್ಲ.

ಅಭ್ಯಾಸವೆಲ್ಲ ಖಾಲಿ ಪಿಸ್ತೂಲಿನಲ್ಲೇ. ಬೇರೆ ಕೋಣೆಯಲ್ಲಿ ಗುಂಡು ಇಟ್ಟು ಬಂದು, ಗಟ್ಟಿ ಗೋಡೆಯ ಕಡೆಗೆ ನಿಲ್ಲುತ್ತಿದ್ದೆ. ಈ 9 ಎಂಎಂ ಬ್ರೌನಿಂಗ್ ಮಾದರಿಯದು, ಗುಂಡು ತುಂಬುವ ಮ್ಯಾಗಜಿನ್ ಹಾಕದೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಅಭ್ಯಾಸಕ್ಕೆ ಖಾಲಿ ಮ್ಯಾಗಜಿನ್ ಹಾಕಲೇಬೇಕು. ಅಪಾಯ ಇರುವುದೂ ಅಲ್ಲೇ. 13 ಗುಂಡು ಹಿಡಿಯುವ ಮ್ಯಾಗಜಿನ್ ಹೊರಗಿನಿಂದ ನೋಡಿದರೆ ಖಾಲಿಯೋ ತುಂಬಿದೆಯೋ ಸುಲಭಕ್ಕೆ ತಿಳಿಯುವುದಿಲ್ಲ. ಮ್ಯಾಗಜಿನ್ ಬಾಯಿ ನೋಡಿ, ಚೇಂಬರಿಗೆ ಬೆರಳು ಹಾಕಿ ಮುಟ್ಟಿದ ಮೇಲೇ ಶುರು. ಮೊದಲು ನಿಧಾನ, ತಡವರಿಸದೆ ಬಂದ ಮೇಲೆ ಸ್ವಲ್ಪ ವೇಗ. ಸ್ಟಾಪ್‌ವಾಚ್ ಹಿಡಿದು ಕೂರುವ ಚಟ ನನಗೆ ಹಿಡಿಸಲಿಲ್ಲ.

ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸ್‌ನಂಥ ಜನಜಂಗುಳಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಮೊಣಕೈಯನ್ನು ಪಿಸ್ತೂಲಿಗೆ ಒತ್ತಿಕೊಂಡು, ಬೇರೆಯವರ ಕೈ ತಾಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಸಾವಿರಾರು ಜನರ ನಡುವೆ ಗುಂಡು ಹಾರಿಸಿದರೆ ಯಾರಿಗೆ ಬೀಳುತ್ತದೆ ಹೇಳಿ?

ವಾಪಸ್ ಇಡುವಾಗ ಮಾತ್ರ ಯಾವ ಅವಸರವೂ ಇಲ್ಲ. ಗುಂಡು ಹಾರಿಸುವ ರೇಂಜಿನಲ್ಲಿ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಚೇಂಬರಿನ ಗುಂಡು ಹೊರಹಾಕಬೇಕು. ಈ ಕ್ರಮ ತಿರುವುಮುರುವಾದರೆ ಇನ್ನೊಂದು ಗುಂಡು ಒಳಗೆ ಕೂತುಬಿಡುತ್ತದೆ. ಸಫಾರಿ ಅಂಚು ಎತ್ತಿ, ಕಣ್ಣಿಂದ ನೋಡುತ್ತಲೇ, ಬೆರಳು ಹೊರಗಿಟ್ಟು, ಹೆಬ್ಬೆರಳು ಹಿಂದಿನ ಹ್ಯಾಮರ್ ಮೇಲಿಟ್ಟು ಪಿಸ್ತೂಲನ್ನು ಹೋಲ್‌ಸ್ಟರಿಗೆ ಇಳಿಸುತ್ತೇನೆ. ಎಲ್ಲಾದರೂ ತಡೆದಂತಾದರೆ ಒತ್ತುವುದಿಲ್ಲ, ಹೊರಗೆ ತೆಗೆದು ಏನು ಸಿಕ್ಕಿದೆ ಎಂದು ನೋಡುತ್ತೇನೆ. ಹೆಚ್ಚಾಗಿ ಸಫಾರಿಯ ಬಟ್ಟೆಯೇ ಸಿಕ್ಕಿರುತ್ತದೆ.